ಎರಡು ಸಲ ಕೂಡಿಸಿದ ಗಂಟೆ

ಹಾಳೆಯಲ್ಲಿ ತಪ್ಪಿದೆ ಎಂಬುದು ಬೆರಿಲ್‌ಗೆ ಗೊತ್ತಾದದ್ದು ಬೆಳಗಿನ ಏಳು ಗಂಟೆಯ ಸುಮಾರಿಗೆ, ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾಗ. ಹಡಗು ಆಗಲೇ ನಾರ್ವೆಯ ಬರ್ಗನ್ ಬಂದರಿನೊಳಕ್ಕೆ ಬಂದು ನಿಧಾನವಾಗಿ ಮಗ್ಗುಲು ತಿರುಗಿಸುತ್ತಿತ್ತು. ದುಂಡು ಕಿಟಕಿಯೊಳಕ್ಕೆ ಒದ್ದೆ ಬೆಟ್ಟವೊಂದು ಬಂದು, ಒಂದಿಷ್ಟು ಹೊತ್ತು ನಿಂತು, ಯಾರೋ ಕರೆದಂತೆ ಹೊರಟುಹೋಯಿತು. ಬಚ್ಚಲಿನಲ್ಲಿ ಗಂಡ ಹೆಡ್ಲಿ ಗಡ್ಡ ಹೆರೆಯುತ್ತ ಸಿಳ್ಳೆ ಹಾಕುತ್ತಿದ್ದ. ಈ ದಿನದ ಸುತ್ತಾಟಕ್ಕೆಂದು ಅವನು ಬರೆದ ಚೌಕುಳಿ ಗೆರೆಯ ಹಾಳೆ ಅವನ ದಿಂಬಿನ ಮೇಲಿತ್ತು. ಅಡಿಪಟ್ಟಿ ಇಟ್ಟು ಎಳೆದ ಕಂಬಸಾಲುಗಳು, ಅಚ್ಚಿನಂಥ ಅಂಕಿಗಳು. ಹತ್ತು ಐದಕ್ಕೆ ಹಡಗಿನ ಮೆಟ್ಟಿಲು. ಹನ್ನೊಂದಕ್ಕೆ ಮರದ ಮನೆಗಳ ಸಾಲು. ಹನ್ನೆರಡೂಕಾಲಿಗೆ ಮೀನು ಮಾರುಕಟ್ಟೆ, ಸೂಪು. ಒಂದೂವರೆಗೆ ಬೆಟ್ಟ ಹತ್ತುವ ರೈಲು. ಮೂರು ಐದಕ್ಕೆ ಟ್ರಾಮು, ಊರಾಚೆಯ ಕಾಡಿನಲ್ಲಿರುವ ಕಪ್ಪು ಮರದ ಚರ್ಚು. ಕೊನೆಯಲ್ಲಿ ಎರಡು ಗೆರೆ ಎಳೆದು: ಐದು ಹದಿನೆಂಟಕ್ಕೆ ಹಡಗಿನ ಮೆಟ್ಟಿಲು, ಗಡುವು ಐದೂವರೆ, ಕೈಯಲ್ಲಿ ಹನ್ನೆರಡು ನಿಮಿಷ ಮಿಕ್ಕಿದೆ. ಬಾಗಿಲ ಸಂದಿಯಲ್ಲಿ ತೂರಿಸಿದ್ದ ಹಡಗಿನ ದಿನಪತ್ರಿಕೆ ನೆಲದ ಮೇಲೆ ಬಿದ್ದಿತ್ತು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ, ಎಲ್ಲರೂ ನಾಲ್ಕೂವರೆಯೊಳಗೆ ಹಡಗಿಗೆ ಹಿಂದಿರುಗತಕ್ಕದ್ದು ಎಂದಿತ್ತು. ಬೆರಿಲ್ ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡಳು. ನಿನ್ನೆ ಸಂಜೆ ಹಾಸಿಗೆಯ ಮೇಲೆ ಚೀಟಿಯೊಂದು ಇತ್ತು: ನಾರ್ವೆಯ ಗಡಿಯಾರಕ್ಕೆ ಹೊಂದಿಕೊಳ್ಳಲು ನಿಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಕೊಳ್ಳಿ. ಹೆಡ್ಲಿ ಮಾಡಿಕೊಂಡಿದ್ದ. ಪತ್ರಿಕೆಯ ನಾಲ್ಕೂವರೆ ಎಂದರೆ ಹಾಗೆ ಮುಂದೆ ಮಾಡಿಕೊಂಡ ಮೇಲಿನ ನಾಲ್ಕೂವರೆಯೇ. ಅವನು ಅದಕ್ಕೂ ಇನ್ನೊಂದು ಗಂಟೆ ಸೇರಿಸಿದ್ದ. ಬಿಟ್ಟಿಯಾಗಿ ಸಿಕ್ಕ ಆ ಗಂಟೆಯಲ್ಲಿ ಕಪ್ಪು ಚರ್ಚನ್ನು ಕೂರಿಸಿದ್ದ. ಇಲ್ಲದ ಗಂಟೆಯೊಂದರಲ್ಲಿ ಅವರು ಕಾಡಿಗೆ ಹೋಗುವವರಿದ್ದರು.

ಮೂವತ್ತನಾಲ್ಕು ವರ್ಷ ಇಂಗ್ಲೆಂಡಿನ ಸಂಡರ್ಲೆಂಡ್ ಊರಿನ ಬಸ್ಸುಗಳ ವೇಳಾಪಟ್ಟಿ ಬರೆದವನು ಅವನು. ಮಾರ್ಚಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಮುಂದೆ ಆಗುವಾಗ ಮಿಕ್ಕ ಡಿಪೋಗಳಲ್ಲಿ ಬಸ್ಸುಗಳು ಒಂದಕ್ಕೊಂದು ಬೆನ್ನು ಹಾಕಿ ಓಡಾಡುತ್ತಿದ್ದವಂತೆ, ಇವನದರಲ್ಲಿ ಒಂದೇ ಒಂದು ಬಸ್ಸು ತಪ್ಪಿಲ್ಲ. ಅಚ್ಚಿಗೆ ಹೋಗುವ ಮುಂಚೆ ಹಾಳೆಗಳು ಅಡುಗೆಮನೆಯ ಮೇಜಿಗೆ ಬರುತ್ತಿದ್ದವು. ಬೆರಿಲ್ ಕೆಂಪು ಪೆನ್ಸಿಲು ಹಿಡಿದು ಸಾಲು ಸಾಲು ಓದುತ್ತಿದ್ದಳು. ಅವನು ಎದುರಿಗೆ ಚಹದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಅವಳ ಹುಬ್ಬನ್ನೇ ನೋಡುತ್ತಿದ್ದ. ಅವಳು ಪೆನ್ಸಿಲಿನಿಂದ ಎಲ್ಲಾದರೂ ಒಂದು ಚುಕ್ಕೆ ಇಟ್ಟರೆ ಕೋಪಿಸಿಕೊಳ್ಳುತ್ತಿರಲಿಲ್ಲ; ಸಂತೋಷದಿಂದ ನಗುತ್ತಿದ್ದ. ಪ್ರೀತಿ ಅಂತ ಬೇರೆಯವರು ಯಾವುದನ್ನು ಕರೆಯುತ್ತಾರೋ ಅದು ಅವರ ಮನೆಯಲ್ಲಿ ಆ ಚುಕ್ಕೆಯಾಗಿತ್ತು. ಈಗ ಅವಳ ಕೈಗೆಟುಕುವ ಹಾಗೆ ಮೇಜಿನ ಮೇಲೆ ಹಡಗಿನವರು ಕೊಟ್ಟ ಪೆನ್ನು ಇದೆ. ಸಿಳ್ಳೆ ನಿಂತಿತು. ಮುಖ ಒರೆಸಿಕೊಳ್ಳುತ್ತ ಹೆಡ್ಲಿ ಬಾಗಿಲಲ್ಲಿ ನಿಂತ. ಕಿವಿಯ ಕೆಳಗೆ ಸೋಪಿನ ನೊರೆ ಉಳಿದಿತ್ತು.

"ಹೇಗಿದೆ?" ಅಂದ.

ಅವಳು ಹಾಳೆಯನ್ನು ದಿಂಬಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟಳು. "ಚೆನ್ನಾಗಿದೆ."

"ಎಲ್ಲಾ ನೋಡಿದ್ಯಾ?"

"ನೋಡ್ದೆ ಕಣೋ. ಕಿವಿ ಒರೆಸ್ಕೋ."

ಅಷ್ಟೇ. ಇಷ್ಟು ಸಲೀಸಾಗಿ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಕಾಲುಚೀಲ ಹಾಕಿಕೊಳ್ಳುತ್ತ, ಈಗ ಹೇಳುವುದಿಲ್ಲ, ಆಮೇಲೆ ಹೇಗಾದರೂ ಸರಿಮಾಡುತ್ತೇನೆ ಅಂದುಕೊಂಡಳು. ಬೆಟ್ಟದ ಮೇಲೆ ಮಂಡಿ ನೋವು ಎಂದರಾಯಿತು. ಮಂಡಿ ಹೇಗೂ ನೋಯುತ್ತದೆ. ಟ್ರಾಮು ಬೇಡ, ಹಿಂದಿರುಗೋಣ ಎಂದರೆ ಹಾಳೆಯ ತಪ್ಪು ಯಾರಿಗೂ ಕಾಣದೆ ಮುಚ್ಚಿಹೋಗುತ್ತದೆ. ಹನ್ನೊಂದು ತಿಂಗಳಿಂದ ಅವಳು ಮಾಡುತ್ತಿರುವುದು ಇದನ್ನೇ, ಮುಚ್ಚುವುದು. ವೈದ್ಯರು ಅವನ ಮರೆವಿನ ಕಾಯಿಲೆಯ ಹೆಸರು ಹೇಳಿದ್ದು ಒಂದೇ ಸಲ. ಬಸ್ಸಿನಲ್ಲಿ ಮನೆಗೆ ಬರುವಾಗ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು, ಆಮೇಲೆ ಆ ಹೆಸರು ಮನೆಯೊಳಕ್ಕೆ ಬರಲಿಲ್ಲ. ಪ್ರಯಾಣಕ್ಕೆ ಮುಂಚೆ ಹಡಗಿನವರು ಕಳಿಸಿದ ಆರೋಗ್ಯದ ಪತ್ರದಲ್ಲಿ ಅದೇ ಹೆಸರಿನ ಮುಂದೆ ಇದೆ, ಇಲ್ಲ ಎಂಬ ಎರಡು ಚೌಕಗಳಿದ್ದವು. ಅವಳು ಇಲ್ಲ ಎಂಬುದಕ್ಕೆ ಗುರುತು ಹಾಕಿ ಅವನ ಪರವಾಗಿ ಸಹಿಯನ್ನೂ ಹಾಕಿದ್ದಳು. ಗೊತ್ತಾದರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಾರೆ ಎಂದು ಪತ್ರದ ಅಡಿಯಲ್ಲೇ ಬರೆದಿತ್ತು. ಹಡಗು ಹತ್ತಿದ ಎರಡನೆಯ ದಿನ ಅವನು ಇನ್ನೊಬ್ಬರ ಕೋಣೆಯ ಬಾಗಿಲು ತೆರೆದಿತ್ತೆಂದು ಒಳಗೆ ಹೋಗಿ ಅವರ ಕುರ್ಚಿಯಲ್ಲಿ ಕೂತು ಬೂಟು ಕಳಚಿದ್ದ. ಆ ಗಂಡ ಹೆಂಡತಿ ಅವನನ್ನು ಕರೆದುಕೊಂಡು ಬಂದಾಗ ಅವನ ಬೂಟುಗಳು ಆ ಹೆಂಗಸಿನ ಕೈಯಲ್ಲಿದ್ದವು. "ಇವನದು ಯಾವಾಗ್ಲೂ ತಮಾಷೆ," ಎಂದು ಬೆರಿಲ್ ನಕ್ಕಿದ್ದಳು. ಆ ಹೆಂಗಸು ಬೂಟುಗಳನ್ನು ಕೊಡುತ್ತ ಅವಳ ಕಣ್ಣನ್ನೇ ನೋಡಿದ್ದಳು, ಕನಿಕರದಿಂದ. ಆ ಕನಿಕರಕ್ಕೆ ಹೊಡೆಯಬೇಕೆಂದು ಬೆರಿಲ್‌ಗೆ ಅನ್ನಿಸಿತ್ತು.

ತಿಂಡಿಯ ಮೇಜಿನಲ್ಲಿ ಥೆಲ್ಮಾ ಆಗಲೇ ಮಳೆಯಂಗಿ ತೊಟ್ಟು ಕೂತಿದ್ದಳು. ವಿಟ್ಬಿ ಊರಿನವಳು, ಎಪ್ಪತ್ತೆಂಟರ ವಿಧವೆ, ಮೀನುದೋಣಿಯವನ ಹೆಂಡತಿಯಾಗಿ ಐವತ್ತು ವರ್ಷ ಬಾಳಿದವಳು. ಮೊದಲ ದಿನ ಊಟದ ಮೇಜಿನಲ್ಲಿ ಹಡಗಿನವರು ಇವರ ಜೊತೆ ಕೂರಿಸಿದಾಗಿನಿಂದ ಇವರನ್ನು ಬಿಟ್ಟಿರಲಿಲ್ಲ. ಹಡಗಿನವರೇ ನಡೆಸುವ ಸುತ್ತಾಟದ ಬಸ್ಸಿಗೆ ಹೆಸರು ಕೊಟ್ಟಿದ್ದವಳು ಹೆಡ್ಲಿಯ ಹಾಳೆ ನೋಡಿ ಅದನ್ನು ಬಿಟ್ಟುಬಿಟ್ಟಿದ್ದಳು. ಆ ಬಸ್ಸಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ. ತಮ್ಮಷ್ಟಕ್ಕೆ ತಾವು ಹೋದವರಿಗೆ ಕಾಯುವುದಿಲ್ಲ. ಇದು ಹಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

"ಏನ್ ಸಾಹೇಬ್ರೆ, ಇವತ್ತು ನಮ್ಮನ್ನ ಎಲ್ಲೆಲ್ಲಿ ಮೇಯಿಸ್ತೀರಿ?" ಅಂದಳು ಥೆಲ್ಮಾ.

"ನಿಮ್ ಕೋಲು ಎಷ್ಟು ದೂರ ನಡೆಯುತ್ತೆ ಅನ್ನೋದರ ಮೇಲೆ," ಅಂದ ಹೆಡ್ಲಿ. "ನಿಮ್ಗೆ ಅಂತ್ಲೇ ಎಲ್ಲಾ ಕಡೆ ನಾಲ್ಕು ನಿಮಿಷ ಜಾಸ್ತಿ ಇಟ್ಟಿದೀನಿ."

"ಕೇಳಿದ್ಯಾ ಬೆರಿಲ್! ನನ್ನ ಗಂಡ ಇದ್ದಾಗ ನಾಲ್ಕು ನಿಮಿಷ ನನಗೆ ಅಂತ ಇಟ್ಟೋನಲ್ಲ ಆ ಪುಣ್ಯಾತ್ಮ. ವಾಚೂ ಇಲ್ಲ, ಫೋನನ್ನೂ ರೂಮಲ್ಲೇ ಬಿಟ್ಟಿದೀನಿ. ನೀವೇ ನನ್ನ ಗಡಿಯಾರ. ಕೀಲಿ ಕೊಡೋದು ಮಾತ್ರ ಇವಳ ಕೆಲಸ."

ಹೆಡ್ಲಿ ಜೋರಾಗಿ ನಕ್ಕ. ಈ ನಗೆಯನ್ನು ಕೇಳಿ ಎಷ್ಟು ದಿನವಾಗಿತ್ತು ಎಂದು ಬೆರಿಲ್ ಎಣಿಸಲು ಹೊರಟು, ಡಿಪೋದ ಹಳೆಯ ಗೆಳೆಯರ ಊಟದ ದಿನಕ್ಕೆ ಹೋಗಿ ನಿಂತಳು. ಹೆಡ್ಲಿ ಎಲ್ಲರ ನಡುವೆ ಕೂತು ಮೊನ್ನೆ ಡಿಪೋದ ರಾನಿ ಸಿಕ್ಕಿದ್ದ ಎಂದು ಹೇಳುತ್ತಿದ್ದ, ರಾನಿ ಹೀಗಂದ, ರಾನಿ ಹಾಗಂದ. ಅವಳು ಅಭ್ಯಾಸಬಲದಿಂದ, ಆ ಕೆಂಪು ಪೆನ್ಸಿಲಿನ ಅಭ್ಯಾಸದಿಂದಲೇ, "ರಾನಿ ಸತ್ತು ಆರು ವರ್ಷ ಆಯ್ತಲ್ಲ ಹೆಡ್ಲಿ" ಎಂದುಬಿಟ್ಟಿದ್ದಳು. ಹನ್ನೊಂದು ಜನರ ಚಮಚಗಳು ನಿಂತವು. ಅವನು ನಕ್ಕು, ಹೌದಲ್ಲ ಎಂದು, ಶೌಚಕ್ಕೆಂದು ಎದ್ದುಹೋದ. ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಹೊರಗೆ ಬಸ್ ನಿಲ್ದಾಣದಲ್ಲಿ, ಮಳೆಯಲ್ಲಿ, ಕಂಬಕ್ಕೆ ತೂಗುಹಾಕಿದ ವೇಳಾಪಟ್ಟಿಯ ಸಾಲುಗಳ ಮೇಲೆ ಬೆರಳಾಡಿಸುತ್ತ. "ಇದು ನಂದಲ್ಲ ಬೆರಿಲ್," ಅಂದಿದ್ದ, "ಇದನ್ನ ಯಾರು ಬರೆದ್ರು?" ಅವತ್ತಿನಿಂದ ಅವಳು ಅವನ ಯಾವ ಮಾತನ್ನೂ ತಿದ್ದಿರಲಿಲ್ಲ. ಅದನ್ನು ತನ್ನ ಒಳ್ಳೆಯತನ ಎಂದುಕೊಂಡಿದ್ದಳು.

ಹತ್ತು ಐದಕ್ಕೆ ಸರಿಯಾಗಿ ಅವರು ಇಳಿಯುವ ಬಾಗಿಲಲ್ಲಿದ್ದರು. ಯಂತ್ರದ ಮುಂದೆ ಒಬ್ಬೊಬ್ಬರೇ ಚೀಟಿ ಹಿಡಿದಾಗ ಅದು ಟಿಣ್ ಎಂದು ಅವರ ಮುಖವನ್ನು ತೋರಿಸಿ, ಇವರು ಈಗ ಹಡಗಿನಲ್ಲಿಲ್ಲ ಎಂದು ತನ್ನೊಳಗೆ ಬರೆದುಕೊಳ್ಳುತ್ತಿತ್ತು. ಅದರಾಚೆ ಎದೆಮಟ್ಟದ ಹಲಗೆಯೊಂದನ್ನು ನಿಲ್ಲಿಸಿದ್ದರು. ಎಲ್ಲರೂ ಹಡಗಿನಲ್ಲಿ: ನಾಲ್ಕೂವರೆ. ಅಂಗೈಯಗಲದ ಅಂಕಿಗಳು. ಇದೊಂದು ಹಲಗೆ ಇರುತ್ತದೆಂಬುದನ್ನು ಬೆರಿಲ್ ಮರೆತಿದ್ದಳು. ಥೆಲ್ಮಾ ಕೋಲನ್ನೂ ಕೊಡೆಯನ್ನೂ ಒಂದೇ ಕೈಯಲ್ಲಿ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಅದರ ಮುಂದೆ ಕುರುಡಿಯ ಹಾಗೆ ಹಾದುಹೋದಳು. ಹೆಡ್ಲಿ ನಿಂತ. ಓದಿದ. ಅವನ ತುಟಿ ಅಲುಗಿದ್ದನ್ನು ಅವಳು ನೋಡಿದಳು. ಕೈ ಜೇಬಿನ ಮೇಲೆ, ಹಾಳೆ ಇದ್ದ ಜಾಗದ ಮೇಲೆ ಹೋಯಿತು. ಆಮೇಲೆ ತಿರುಗಿ ಅವಳ ಕಡೆ ನೋಡಿದ. ನೋಟದಲ್ಲಿ ಏನೂ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಹಿಂದಿನವರು ನೂಕುತ್ತಿದ್ದರು. ಅರ್ಥವಾಗಲಿಲ್ಲ ಇವನಿಗೆ, ಅಂದುಕೊಂಡಳು ಬೆರಿಲ್. ಅಂಕಿಗಳು ಕೂಡ ಇವನನ್ನು ಬಿಟ್ಟುಹೋದವು. ಎದೆಯೊಳಗೆ ಏನೋ ಇಳಿದಂತಾಯಿತು. ಅದು ದುಃಖವೇ ಎಂದು ಅವಳು ಆಗ ತಿಳಿದಳು. "ನಡಿ," ಅಂದಳು.

ಊರು ಒದ್ದೆಯಾಗಿತ್ತು. ಹಡಗು ಎಷ್ಟು ಎತ್ತರವಿತ್ತೆಂದರೆ ಎಷ್ಟು ದೂರ ನಡೆದರೂ ಮನೆಗಳ ಸಂದಿಯಲ್ಲಿ ಅದರ ಬಿಳಿ ಪಕ್ಕೆ ಕಾಣುತ್ತಲೇ ಇತ್ತು, ಬೀದಿಯ ತುದಿಯನ್ನು ಯಾರೋ ಗೋಡೆ ಕಟ್ಟಿ ಮುಚ್ಚಿದಂತೆ. ಓರೆಯಾಗಿ ಒಂದರ ಮೇಲೊಂದು ಒರಗಿದ್ದ ಹಳೆಯ ಮರದ ಮನೆಗಳ ಓಣಿಯಲ್ಲಿ ಹೆಡ್ಲಿ ಮುಂದೆ ನಡೆಯುತ್ತಿದ್ದ. ಎಲ್ಲಿ ತಿರುಗಬೇಕು, ಎಲ್ಲಿ ಹಲಗೆ ಜಾರುತ್ತದೆ ಎಂದು ಕೈ ತೋರಿಸುತ್ತಿದ್ದ. ಹನ್ನೆರಡೂಕಾಲಿಗೆ ಮೀನಿನ ಸೂಪಿನ ಮುಂದೆ ಕೂತಿದ್ದರು. ಒಂದೂವರೆಗೆ ಬೆಟ್ಟದ ರೈಲಿನಲ್ಲಿದ್ದರು. ಅವನು ಹೇಳಿದ ನಿಮಿಷಕ್ಕೆ ಎಲ್ಲ ಆಗುತ್ತಿತ್ತು. ಥೆಲ್ಮಾ ಪ್ರತಿಸಲ "ಭೇಷ್ ಸಾಹೇಬ್ರೆ" ಎಂದು ಅವನ ಬೆನ್ನು ತಟ್ಟುತ್ತಿದ್ದಳು. ಒಂದು ಕಡೆ ಮಾತ್ರ, ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ಬೆರಿಲ್ ಕಡೆಗೆ ತಿರುಗಿಸಿ ಇಟ್ಟ. "ಇನ್ನೊಂದ್ಸಲ ನೋಡ್ತೀಯಾ?" ಅಂದ. ಅವಳು ನೋಡಿದಂತೆ ಮಾಡಿ, ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿ, "ಸೂಪು ಆರಿಹೋಗುತ್ತೆ, ಕುಡಿ," ಅಂದಳು. ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿದ. ಮಡಿಕೆಯನ್ನು ಉಗುರಿನಿಂದ ಎರಡು ಸಲ ಗೀರಿದ.

ಬೆಟ್ಟದ ಮೇಲೆ ಮಂಡಿಯ ಮಾತೆತ್ತಲು ಅವಳು ಸಿದ್ಧಳಾಗಿದ್ದಳು. ಕೆಳಗೆ ಬಂದರು, ಆಟಿಕೆಯಷ್ಟಾಗಿದ್ದ ಹಡಗು, ಅದರಾಚೆ ಬೂದು ನೀರು. ಗಂಟೆ ಎರಡೂಕಾಲು. ಈಗ ಅನ್ನಬೇಕು. ಅಯ್ಯೋ ನನ್ನ ಮಂಡಿ, ಎಂದರೆ ಸಾಕು. ಹಡಗನ್ನು ಅಷ್ಟು ಚಿಕ್ಕದಾಗಿ ನೋಡುತ್ತ ನಿಂತಾಗ, ಅದು ಹೊರಟುಹೋದರೆ ಹೇಗಿರುತ್ತದೆ ಎಂಬ ಚಿತ್ರ ಯಾರೋ ತಂದು ಕಣ್ಣಮುಂದೆ ಹಿಡಿದಂತೆ ಬಂತು. ಖಾಲಿ ದಡ. ತಾವು. ಯಾರೋ ಒಬ್ಬ ಅಧಿಕಾರಿ, ನೀಲಿ ಅಂಗಿಯವನು, ಏನಾಯಿತು ಎಂದು ಕೇಳುತ್ತಾನೆ. ಆಗ ಅವಳು ಏನೂ ಹೇಳಬೇಕಾಗಿಯೇ ಇಲ್ಲ. ಹಾಳೆಯನ್ನು ಅವನ ಕೈಗೆ ಕೊಟ್ಟರಾಯಿತು. ಆ ನೀಲಿ ಅಂಗಿಯವನಿಗೆ ಗೊತ್ತಾಗುತ್ತದೆ, ಊರಿನಲ್ಲಿರುವ ಮಗಳಿಗೆ ಗೊತ್ತಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಯಾರಾದರೂ ಬಂದು ಅವಳ ಕೈಯಿಂದ ಅವನ ತೋಳನ್ನು ಬಿಡಿಸಿಕೊಂಡು, ಅಮ್ಮಾ ನೀವು ಸ್ವಲ್ಪ ಕೂತುಕೊಳ್ಳಿ, ಅನ್ನುತ್ತಾರೆ. ಕೂತುಕೊಳ್ಳಿ ಎಂಬ ಆ ಒಂದು ಮಾತು ಕೇಳಿದಂತಾಗಿ ಅವಳ ಕಣ್ಣು ನಿಜವಾಗಿಯೇ ಬೆಂಚೊಂದನ್ನು ಹುಡುಕಿತು. ಬೆಳಿಗ್ಗೆಯಿಂದ ತಾನು ಅವನ ಮಾನ ಕಾಯುತ್ತಿಲ್ಲ, ಇದಕ್ಕೆ ಕಾಯುತ್ತಿದ್ದೇನೆ ಎಂಬುದು ಆಗ ಅವಳಿಗೆ ತಿಳಿಯಿತು. ತಿಳಿದ ಮೇಲೂ ಮಂಡಿಯ ಮಾತೆತ್ತಲಿಲ್ಲ.

"ಏನೇ ಹೀಗೆ ಬಿಳಿಚಿಕೊಂಡಿದೀಯ?" ಅಂದಳು ಥೆಲ್ಮಾ.

"ಎತ್ತರ ನೋಡಿದ್ರೆ ನನಗೆ ಹೀಗೇ."

"ಹಾಗಾದ್ರೆ ಗಂಡನ್ನ ನೋಡು. ಅವರೇನು ಅಷ್ಟು ಎತ್ತರ ಇಲ್ಲ."

ಮೂರು ಐದರ ಟ್ರಾಮಿನ ಬಾಗಿಲು ತೆರೆದುಕೊಂಡಾಗ ಬೆರಿಲ್ ಎಲ್ಲರಿಗಿಂತ ಮೊದಲು ಹತ್ತಿದಳು. ಹೆಡ್ಲಿ ಒಂದು ಕ್ಷಣ ಕೆಳಗೇ ನಿಂತಿದ್ದ, ಕಂಬ ಹಿಡಿದು, ಅವಳ ಮುಖ ನೋಡುತ್ತ. ಆಮೇಲೆ ಥೆಲ್ಮಾಗೆ ಕೈ ಕೊಟ್ಟು ಹತ್ತಿಸಿ ತಾನೂ ಹತ್ತಿದ. ಅವನು ಅವಳ ಎದುರಿಗೆ ಕೂತ. ಥೆಲ್ಮಾ ಮಾತ್ರ ತನ್ನ ಗಂಡ ದೋಣಿಯಿಂದ ಬಂದ ಮೇಲೆ ಮೂರು ದಿನ ನಿದ್ದೆ ಮಾಡುತ್ತಿದ್ದದ್ದನ್ನು, ನಾಲ್ಕನೆಯ ದಿನ ಎದ್ದು ಯಾರು ನೀನು ಎಂದು ತಮಾಷೆ ಮಾಡುತ್ತಿದ್ದದ್ದನ್ನು ಹೇಳುತ್ತಿದ್ದಳು. ಯಾರು ನೀನು ಎಂಬುದು ಒಂದು ಕಾಲಕ್ಕೆ ತಮಾಷೆಯಾಗಿತ್ತು. ಹೊರಗೆ ಮನೆಗಳು ವಿರಳವಾಗಿ ಮರಗಳು ಒತ್ತಾದವು. ಇಳಿದಾಗ ಮೂರೂವರೆಗೆ ಮೂರು ನಿಮಿಷವಿತ್ತು. ಏರುಹಾದಿಯಲ್ಲಿ ಥೆಲ್ಮಾಳ ಕೋಲಿನ ಸದ್ದೊಂದೇ ಕೇಳುತ್ತಿತ್ತು.

ಚರ್ಚು ಮರಗಳ ನಡುವೆ ಇದ್ದಕ್ಕಿದ್ದಂತೆ ಎದುರಾಯಿತು. ಡಾಂಬರು ಬಳಿದ ಮರ, ಮೀನಿನ ಹುರುಪೆಯ ಹಾಗೆ ಹೆಂಚಿನ ಮೇಲೆ ಹೆಂಚು, ಸೂರಿನ ಮೂಲೆಗಳಲ್ಲಿ ಬಾಯಿ ತೆರೆದ ಹಾವಿನ ತಲೆಗಳು. ಒದ್ದೆಯಲ್ಲಿ ಡಾಂಬರಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಥೆಲ್ಮಾ ಅಲ್ಲಿದ್ದ ಫಲಕವನ್ನು ಮೂಗು ತಾಗಿಸುವಷ್ಟು ಹತ್ತಿರದಿಂದ ಓದಿ, "ಅಲ್ರೀ, ಇದು ಆ ಹಳೇದಲ್ವಂತೆ. ಅದು ಸುಟ್ಟುಹೋಯ್ತಂತೆ. ಇದು ಹಾಗೇ ಇರೋ ಹಾಗೆ ಮತ್ತೆ ಕಟ್ಟಿದ್ದು," ಅಂದಳು. "ನನ್ ಕಣ್ಣಿಗೇನೋ ಹಳೇದರ ಹಾಗೇ ಕಾಣುತ್ತೆ." ಅವಳು ಸುತ್ತು ಹಾಕಲು ಹಿಂಬದಿಗೆ ಹೋದಳು. ಬೆರಿಲ್ ಕಲ್ಲಿನ ಗೋಡೆಯ ಮೇಲೆ ಕೂತಳು. ಕೈಗಡಿಯಾರ ನೋಡಿಕೊಳ್ಳಬಾರದೆಂದು ತೋಳನ್ನು ಕೆಳಗೆಳೆದುಕೊಂಡಿದ್ದಳು.

"ಮೂರು ನಲವತ್ತೊಂದು," ಅಂದ ಹೆಡ್ಲಿ.

ಅವನು ಅವಳ ಎದುರು ನಿಂತಿದ್ದ. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆದರೆ ಮುಖ, ಆ ಮುಖ, ಎಷ್ಟೋ ತಿಂಗಳಿಂದ ನೋಡಿರದಷ್ಟು ಸ್ಪಷ್ಟವಾಗಿತ್ತು. ಅಡುಗೆಮನೆಯ ಮೇಜಿನಾಚೆ ಇರುತ್ತಿದ್ದ ಮುಖ.

"ಮೂರು ಐವತ್ಮೂರಕ್ಕೆ ಒಂದು ಟ್ರಾಮ್ ಇದೆ," ಅಂದ. "ಅದು ಬಿಟ್ರೆ ಹಡಗು ಸಿಗಲ್ಲ. ಅದರಲ್ಲಿ ಹೋದ್ರೂ ಹತ್ತು ನಿಮಿಷ ತಡ. ಆದ್ರೆ ಮೆಟ್ಟಿಲು ಎತ್ತೋದು ನಾಲ್ಕೂ ಮುಕ್ಕಾಲಿಗೆ. ಇನ್ನೂ ಕಾಯೋಣ ಅಂತಿದ್ದೆ ಬೆರಿಲ್. ಆದ್ರೆ ಇದು ಕೊನೇದು."

ಅವಳಿಗೆ ಅವನ ಮಾತು ಕಿವಿಗೆ ಬಿದ್ದು ಒಳಕ್ಕೆ ಇಳಿಯಲು ಹೊತ್ತು ಹಿಡಿಯಿತು. "ನಿಂಗೆ ಯಾವಾಗ..."

"ಆ ಹಲಗೆ ನೋಡಿದಾಗ. ಒಂದು ಗಂಟೆನ ಎರಡು ಸಲ ಕೂಡ್ಸಿದೀನಿ. ನೀನು ಬೆಳಗ್ಗೇನೇ ನೋಡಿದೀಯ. ನಿನ್ನ ಕಣ್ಣು ತಪ್ಪಿಸಿ ಒಂದು ಸೊನ್ನೆ ಕೂಡ ಹೋಗಿದ್ದಿಲ್ಲ." ಟೋಪಿಯ ನೀರು ಕೊಡವಿದ. "ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಇಡೀ ದಿನ ಕಾದೆ. ಸೂಪಿನ ಹತ್ರ ನಿನ್ ಮುಂದೇನೇ ಇಟ್ಟೆ."

"ನಿನಗೆ ನೋವಾಗಬಾರ್ದು ಅಂತ ಹೆಡ್ಲಿ."

"ನೋವಾಗ್ಲಿ ಬಿಡು, ಅದಕ್ಕೇನು." ಅವನ ದನಿ ಏರಲಿಲ್ಲ. "ತಿದ್ದೋದು ಬಿಟ್ಟೆ ಅಂದ್ರೆ ಏನರ್ಥ? ತಿದ್ದಿ ಪ್ರಯೋಜನ ಇಲ್ಲ ಅಂತ. ನಾನು ಎಷ್ಟು ಹಾಳಾಗಿದೀನಿ ಅಂತ ಆ ಡಾಕ್ಟ್ರು ಹೇಳಿದಾಗ ನಂಬಿರಲಿಲ್ಲ. ಇವತ್ತು ನಂಬಿಕೆ ಬಂತು."

ಥೆಲ್ಮಾ ಚರ್ಚಿನ ಮೂಲೆಯಲ್ಲಿ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯದು. ಹೆಡ್ಲಿ ಅವಳ ಕಡೆ ತಿರುಗಿ, "ನಡೀರಿ, ಸ್ವಲ್ಪ ಬೇಗ ಹೆಜ್ಜೆ ಹಾಕ್ಬೇಕು," ಎಂದು ಅವಳ ತೋಳು ಹಿಡಿದು ಇಳಿಯತೊಡಗಿದ. ಬೆರಿಲ್ ಹಿಂದಿನಿಂದ ಬಂದಳು. ಅವಳನ್ನು ಯಾರೂ ಹಿಡಿದುಕೊಳ್ಳಲಿಲ್ಲ.

ಟ್ರಾಮಿನಲ್ಲಿ ಹೆಡ್ಲಿ ಒಬ್ಬನೇ ಮುಂದಿನ ಸೀಟಿನಲ್ಲಿ ಕೂತ. ಥೆಲ್ಮಾ ಬೆರಿಲ್ ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತು, ಉಸಿರು ತಿರುಗಿದ ಮೇಲೆ, ಮುಂದೆ ನೋಡುತ್ತಲೇ ಕೇಳಿದಳು: "ನಿಂಗೆ ಬೆಳಗ್ಗೆಯಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಅವರಿಗೇನಾಗಿದೆ?"

ಬೆರಿಲ್ ಆ ಹೆಸರನ್ನು ಹೇಳಿದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿಂದ ಬಂದ ಅದು ಎಷ್ಟು ಸಾಧಾರಣವಾಗಿತ್ತೆಂದರೆ, ಎದುರು ಸೀಟಿನ ಹುಡುಗಿ ಫೋನಿನಿಂದ ತಲೆ ಕೂಡ ಎತ್ತಲಿಲ್ಲ.

"ನಮ್ಮಕ್ಕನಿಗೂ ಇತ್ತು. ಅದು ಬಿಡು," ಅಂದಳು ಥೆಲ್ಮಾ. "ನನ್ನ ಎದೆಗುಂಡಿಗೆಯ ಮಾತ್ರೆ ಆ ಹಡಗಿನಲ್ಲಿದೆ ಕಣೇ. ಸಂಜೆ ಆರಕ್ಕೆ ಒಂದು ನುಂಗ್ಬೇಕು. ನಿನ್ ಗಂಡನ ಲೆಕ್ಕ ನೀನು ಏನು ಬೇಕಾದ್ರೂ ಮಾಡ್ಕೋ. ನನ್ನ ಯಾವುದರಲ್ಲಿ ಸೇರಿಸಿದ್ದೆ?"

ಬೆರಿಲ್ ಬೆಟ್ಟದ ಮೇಲೆ ಕಂಡ ಆ ಖಾಲಿ ದಡದ ಚಿತ್ರವನ್ನು ಮತ್ತೆ ಕಣ್ಣಮುಂದೆ ತಂದುಕೊಂಡು ಹುಡುಕಿದಳು. ದಡವಿತ್ತು, ನೀಲಿ ಅಂಗಿಯವನಿದ್ದ, ಹೆಡ್ಲಿ ಇದ್ದ, ಕೂತುಕೊಳ್ಳಿ ಎಂಬ ಮಾತಿತ್ತು. ಥೆಲ್ಮಾ ಇರಲಿಲ್ಲ. ಹೆಡ್ಲಿ ಅವಳಿಗೆಂದು ಎಲ್ಲ ಕಡೆ ನಾಲ್ಕು ನಿಮಿಷ ಇಟ್ಟಿದ್ದ, ಕೆಟ್ಟುಹೋದ ತಲೆಯಿಂದ. ಟ್ರಾಮು ಸುರಂಗ ಹೊಕ್ಕಿತು. ಕಪ್ಪು ಗಾಜಿನಲ್ಲಿ ತನ್ನ ಮುಖ ಕಂಡಿತು; ಗಾಬರಿಯಿಲ್ಲದ, ತಣ್ಣಗಿನ, ಚೆನ್ನಾಗಿ ಬಾಚಿದ ಕೂದಲಿನ ಮುಖ. ಇಂಥವಳ ಕೈಗೆ ಇವನನ್ನು ಒಪ್ಪಿಸಿದ್ದಾರೆ, ಅಂದುಕೊಂಡಳು. ಅವನ ಕುತ್ತಿಗೆಯ ಹಿಂಭಾಗ, ಒದ್ದೆಯಾದ ಕಾಲರು, ಮುಂದೆ ಅಲುಗದೆ ಇತ್ತು. ಎದ್ದುಹೋಗಿ ಅವನ ಪಕ್ಕದಲ್ಲಿ ಕೂರಬೇಕೆಂದುಕೊಂಡಳು. ಅವನು ತಿರುಗಿ ಆ ಸ್ಪಷ್ಟವಾದ ಮುಖವನ್ನು ತೋರಿಸಿದರೆ ಏನು ಮಾಡುವುದೆಂದು ಕೂತೇ ಇದ್ದಳು.

ಕೊನೆಯ ನಿಲ್ದಾಣದಿಂದ ಬಂದರಿಗೆ ನಡೆಯುವುದು ಮುಗಿಯಲೇ ಇಲ್ಲ. ಥೆಲ್ಮಾ ಎರಡು ಕಡೆ ನಿಂತಳು. ಎರಡನೆಯ ಸಲ, "ನೀವು ಹೋಗ್ರಪ್ಪ, ನನ್ನ ಮಾತ್ರೆ ಎಸೀರಿ ಮೇಲಿಂದ," ಅಂದಳು, ಯಾರೂ ನಗಲಿಲ್ಲ. ಹೆಡ್ಲಿ ಮೊದಮೊದಲು ಮುಂದಿದ್ದವನು ಮರದ ಮನೆಗಳ ಸಾಲು ದಾಟುವಾಗ ನಿಧಾನವಾದ. ತಿರುವಿನಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹಡಗು ಎದುರಿಗೇ ಇತ್ತು, ಊರಿಗಿಂತ ಎತ್ತರವಾಗಿ. ಬೆರಿಲ್ ಅವನ ಕೈ ಹಿಡಿದಳು. ಕೈ ಅವಳ ಕೈಯೊಳಗೆ ಸುಮ್ಮನೆ ಬಂತು, ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ದಡದಲ್ಲಿ ಇವರು ಮೂವರೇ. ಮೆಟ್ಟಿಲಿನ ಬುಡದಲ್ಲಿ ನಿಂತಿದ್ದ ಅಧಿಕಾರಿ ಕೈಯೆತ್ತಿ ಬೇಗ ಬೇಗ ಎಂದು ಕರೆಯುತ್ತಿದ್ದ. ಆಗ ಮೇಲಿನಿಂದ ಸದ್ದು ಕೇಳಿಸಿತು. ಹಡಗಿನ ಕಟಕಟೆಗಳ ಉದ್ದಕ್ಕೂ ಜನ. ಹೊರಡುವ ಹೊತ್ತಿಗೆ ಲೋಟ ಹಿಡಿದು ಅಲ್ಲಿ ಒರಗುವುದು, ತಡವಾಗಿ ಓಡಿ ಬರುವವರನ್ನು ನೋಡಿ ಕೂಗುವುದು ಈ ಯಾತ್ರಿಕರಿಗೆ ದಿನದ ಕೊನೆಯ ಆಟ. ಯಾರೋ ಸಿಳ್ಳೆ ಹಾಕಿದರು. "ಓಡಜ್ಜಿ, ಓಡು! ಕೋಲು ಬಿಸಾಡು!" ಎಂದಿತು ಒಂದು ದನಿ. ಮೂರಂತಸ್ತಿನ ಜನ ಒಟ್ಟಿಗೆ ಚಪ್ಪಾಳೆ ತಟ್ಟತೊಡಗಿದರು. ಥೆಲ್ಮಾ ತಲೆಯೆತ್ತದೆ ಬಯ್ಯುತ್ತ ಮೆಟ್ಟಿಲಿನ ಕಂಬಿ ಹಿಡಿದಳು. ಹೆಡ್ಲಿ ನಿಂತುಬಿಟ್ಟ. ಮೇಲೆ ನೋಡಿದ. ಮೆಲ್ಲಗೆ ಟೋಪಿ ತೆಗೆದು ಅವರ ಕಡೆಗೆ ಅಲ್ಲಾಡಿಸಿದ. ನಗು ಇನ್ನೂ ಜೋರಾಯಿತು.

"ಯಾಕೆ ತಟ್ತಾ ಇದಾರೆ ಬೆರಿಲ್?"

ಅವಳು ಅವನ ಮುಖ ನೋಡಿದಳು. ಅದು ಮತ್ತೆ ಮಸುಕಾಗಿತ್ತು, ಉಸಿರು ತಾಗಿದ ಗಾಜಿನ ಹಾಗೆ. ಜೇಬಿನಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ, ಗಡಿಯಾರದ ಪಕ್ಕ ಹಿಡಿದು ಹುಬ್ಬು ಗಂಟಿಕ್ಕಿದ. "ಐದೂವರೆ ಅಲ್ವಾ? ಐವತ್ ನಿಮಿಷ ಮುಂಚೇನೇ ಬಂದ್ಬಿಟ್ವಿ. ಏನೋ ಸರಿಯಿಲ್ಲ ಇದರಲ್ಲಿ." ಹಾಳೆಯನ್ನು ಅವಳ ಕಡೆ ಚಾಚಿದ. "ನೀನು ನೋ‌ಡಿದ್ಯಾ?"

ಅವನಿಗೆ ಕಾಡು ನೆನಪಿರಲಿಲ್ಲ. ಕಲ್ಲಿನ ಗೋಡೆಯ ಮುಂದೆ ತಾನು ನಿಂತದ್ದು, ಹೇಳಿದ್ದು, ಯಾವುದೂ ಇರಲಿಲ್ಲ. ಅಲ್ಲಿ ಆದದ್ದು ಈಗ ಅವಳೊಬ್ಬಳದಾಗಿತ್ತು. ಅರ್ಧ ಮೆಟ್ಟಿಲು ಹತ್ತಿದ್ದ ಥೆಲ್ಮಾ ಕಂಬಿ ಹಿಡಿದು ಹಿಂದಿರುಗಿ, ಬೆರಿಲ್‌ಳ ಬಾಯನ್ನೇ ನೋಡುತ್ತ ನಿಂತಿದ್ದಳು. ಅಧಿಕಾರಿ ಗಡಿಯಾರ ತೋರಿಸಿ ಏನೋ ಕೂಗಿದ. ಒಂದು ನಗು, ಒಂದು ಸುಳ್ಳು, ತೋಳು ಹಿಡಿದು ಮೇಲೆ ನಡೆಸಿದರೆ ಸಾಕಿತ್ತು. ರಾತ್ರಿಯ ಊಟಕ್ಕೆ ಮುಂಚೆ ಈ ದಿನ ಅವನಿಂದ ಪೂರ್ತಿ ಅಳಿಸಿಹೋಗಿರುತ್ತಿತ್ತು.

"ತಪ್ಪಿದೆ ಹೆಡ್ಲಿ," ಅಂದಳು. ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ. ಗಂಟೆನ ಎರಡು ಸಲ ಕೂಡ್ಸಿದೀಯ. ನಾಲ್ಕೂವರೆ ಇರಬೇಕಿತ್ತು."

ಅವನು ಬಗ್ಗಿ ನೋಡಿದ. ತುಟಿ ಅಲುಗಿದವು. ಕೂಡಿಸಿದ, ಕಳೆದ. ಮೇಲೆ ಚಪ್ಪಾಳೆ ಬೇಸರಗೊಂಡು ಒಂದೊಂದಾಗಿ ನಿಲ್ಲುತ್ತಿತ್ತು.

"ಹೌದಲ್ಲ," ಅಂದ. ತಲೆ ಎತ್ತಿದ. "ಯಾವಾಗ ನೋಡಿದೆ ಇದನ್ನ?"

"ಬೆಳಗ್ಗೆ. ನೀನು ಗಡ್ಡ ಹೆರೀತಿದ್ದಾಗ."

ಅವಳು ಹಾಳೆಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಆ ಮಾತು ಅವನೊಳಕ್ಕೆ ಇಳಿಯುವುದನ್ನು, ಮುಖ ನಿಧಾನವಾಗಿ ಸ್ಪಷ್ಟವಾಗುವುದನ್ನು, ಕಾಡಿನಲ್ಲಿ ಕಂಡ ನೋವೇ ಅವಳಿಗೆ ಎರಡನೆಯ ಸಲ, ಅವನಿಗೆ ಮೊದಲ ಸಲವಾಗಿ, ಅಲ್ಲಿ ಮೂಡುವುದನ್ನು ಅವಳು ಕಣ್ಣು ತಗ್ಗಿಸದೆ ನಿಂತು ನೋಡಿದಳು.